ದುಡಿಯದ ಬ್ಯಾಟರಿಗೂ ಮೇವು ಬೇಕು

ಅಕ್ಕಾರ, ತಂಗ್ಯಾರ, ಕಡ್ಲಿ ರಾಶಿ ಮುಗದ ಮ್ಯಾಲ ಔಷಧ ಹೊಡಿಯೂ ಪಂಪ್ ಮೂಲಿಗೆ ಹೋಗತೈತಿ. ಅದರ ಬ್ಯಾಟರಿ ಹೆಂಗೈತಿ ಅಂತ ಆಮ್ಯಾಲ ಯಾರೂ ಕೇಳೂದಿಲ್ಲ. ಮುಂಗಾರಿ ಹೆಸರಿಗೆ ಹುಳ ಬಿದ್ದಾಗ ಹೊರಗ ತಗದು ಸ್ವಿಚ್ ಒತ್ತಿದರ ಪಂಪ್ ಸುಮ್ಮನ ಕುಂತಿರತೈತಿ. "ಮಾಲ ಚಲೋ ಬರವಲ್ದು" ಅಂತ ಬೈದು ಹೊಸಾದು ತರತಾರ. ಪ್ರತಿ ವರ್ಷ ಊರಾಗ ಇದ ಮಾತು.

ನಾ ಹೇಳೂದು ಇಷ್ಟ. ಬ್ಯಾಟರಿ ಅಂದ್ರ ಹಗೇದಾಗಿನ ಜ್ವಾಳ ಅಲ್ಲ, ಗ್ವಾದಲ್ಯಾಗ ಕಟ್ಟಿದ ಎಮ್ಮಿ. ಜ್ವಾಳ ಮುಚ್ಚಿಟ್ಟರ ಮುಚ್ಚಿಟ್ಟಂಗ ಇರತೈತಿ. ಎಮ್ಮಿ ಹಿಂಡಲಿ ಬಿಡಲಿ, ಮೇವು ನೀರು ಹಾಕಲೇಬೇಕು. ಅದಕ್ಕ ಮನ್ಯಾಗಿನ ಬ್ಯಾಟರಿಗೆ ಹೊರಗ ಒಂದು ಜಾಗ, ತಿಂಗಳಿಗೆ ಒಂದು ದಿನ, ಮತ್ತ ಲೆಕ್ಕ ಇಡಾಕ ಒಬ್ಬಾಕಿ ಹೆಣ್ಣುಮಗಳು ಇರಬೇಕು ಅನ್ನೂದು ನನ್ನ ಅಭಿಪ್ರಾಯ.

ಒಮ್ಮೆ ಎಣಿಸಿ ನೋಡ್ರಿ. ಇನ್ವರ್ಟರಿಂದು ಒಂದು, ಟ್ರ್ಯಾಕ್ಟರಿಂದು ಒಂದು, ಪಂಪಿನವು ಎರಡು, ಗಾಡಿದು ಒಂದು. ಕಲಘಟಗಿ ಕಡೆ ಕಾಡಹಂದಿ ಕಾಟಕ್ಕ ಬೇಲಿಗೆ ಝಟ್ಕಾ ಮಷಿನ್ ಹಚ್ಚಿದವರಿಗೆ ಅದರದೂ ಒಂದು. ಖಂಡೆ ಪೂಜಿ ದಿನ ಎಲ್ಲಕ್ಕೂ ಕುಂಕುಮ ಹಚ್ಚಿ ಕಾಯಿ ಒಡೀತೇವಿ. ಉಳದ ದಿನ ಹೊಳ್ಳಿ ನೋಡೂದಿಲ್ಲ.

ಸೀಸದ ಬ್ಯಾಟರಿ ಕೆಲಸ ಇಲ್ಲದ ಕುಂತರೂ ತಾನಾಗಿ ಇಳೀತೈತಿ. ತಿಂಗಳಿಗೆ ನೂರಕ್ಕ ಮೂರರಿಂದ ಐದು ಪಾಲು ಹೋಗತೈತಿ, ಬಿಸಲಿಗೆ ಇನ್ನೂ ಜಾಸ್ತಿ. ಶಾಖ 10 ಡಿಗ್ರಿ ಏರಿದರ ಇಳಿಯೂ ವೇಗ ಸುಮಾರು ಎರಡು ಪಟ್ಟು ಆಗತೈತಿ. ಇಳದ ಬ್ಯಾಟರಿನ ಹಂಗ ಬಿಟ್ಟರ ಒಳಗಿನ ತಗಡಿನ ಮ್ಯಾಲ ಬಿಳೇ ಪೊರಿ ಕಟ್ಟಿ ಗಟ್ಟಿ ಆಗತೈತಿ. ಆಮ್ಯಾಲ ಎಷ್ಟು ಚಾರ್ಜ್ ಕೊಟ್ಟರೂ ಅದು ಹಿಡಿಯೂದಿಲ್ಲ. ಬ್ಯಾಟರಿ ಸಾಯೂದು ದುಡದು ಅಲ್ಲ, ಉಪವಾಸ ಬಿದ್ದು.

ಇದು ನಮ್ಮ ಎರಿ ಹೊಲದವರ ಕಥಿ ಅಷ್ಟ ಅಲ್ಲ. ಮಲ್ಪೆ, ಕಾರವಾರ ಕಡೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಂತ್ರದ ದೋಣಿ ಸಮುದ್ರಕ್ಕ ಇಳಿಯೂ ಹಂಗಿಲ್ಲ. ಆಗ ದೋಣಿ ಬ್ಯಾಟರಿಗೂ ಇದ ಗತಿ. ಥಂಡಿ ದೇಶದಾಗ ಚಳಿಗಾಲಕ್ಕ ದೋಣಿ ದಂಡಿಗೆ ಎಳದು ಇಡತಾರ. ಅಲ್ಲಿ ಪೂರ್ತಿ ಇಳದ ಬ್ಯಾಟರಿಯೊಳಗಿನ ಆ್ಯಸಿಡ್ ನೀರಿನಂಗ ತೆಳುವಾಗಿ, ಹೆಪ್ಪುಗಟ್ಟಿ, ಡಬ್ಬಿನ ಸೀಳತೈತಿ. ಅವರಿಗೆ ವೈರಿ ಚಳಿ, ನಮಗ ಏಪ್ರಿಲ್-ಮೇ ಬಿಸಲು. ಮದ್ದು ಮಾತ್ರ ಇಬ್ಬರಿಗೂ ಒಂದ: ತುಂಬಿಸಿ ಇಡೂದು, ನಡುನಡುವ ನೋಡೂದು.

ಈಗ ಜಾಗದ ಮಾತಿಗೆ ಬರತೇನಿ. ನನಗ ಭಾಳ ಸಿಟ್ಟು ಬರೂದು ಇದರ ಮ್ಯಾಲ. ಪ್ಲಗ್ ಎಲ್ಲಿ ಐತೋ ಅಲ್ಲಿ ಬ್ಯಾಟರಿ ಬಂದು ಕುಂದರತೈತಿ. ಪ್ಲಗ್ ಇರೂದು ಪಡಸಾಲ್ಯಾಗ, ಇಲ್ಲಾ ಅಡಗಿ ಮನ್ಯಾಗ, ದೇವರ ಜಗಲಿ ಬಾಜೂಕ. ಚಾರ್ಜ್ ಮುಗಿಯಾಕ ಬಂದಾಗ ಬ್ಯಾಟರಿಯೊಳಗಿನ ನೀರು ಒಡದು ಹೈಡ್ರೋಜನ್ ಅನ್ನೂ ಗಾಳಿ ಏಳತೈತಿ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ಮನಿ ಗಾಳ್ಯಾಗ ನೂರಕ್ಕ ನಾಕು ಪಾಲು ಸೇರಿದರ ಸಾಕು, ಒಂದು ಕಿಡಿಗೆ ಹೊತ್ತಿ ಸಿಡೀತೈತಿ. ಹಗುರ ಇರೂದಕ್ಕ ಮ್ಯಾಲ ಹೋಗತೈತಿ. ಮಾಳಿಗಿ ಮನ್ಯಾಗ ಬೆಳಕಿಂಡಿ ಇರತಿತ್ತು, ಗಾಳಿ ಹೋಗಾಕ ದಾರಿ ಇತ್ತು. ಈಗಿನ ಆರ್‌ಸಿಸಿ ಮನ್ಯಾಗ ಕಿಡಕಿ ಮುಚ್ಚಿ, ಮೂರು ಬ್ಯಾಟರಿ ಒಂದ ಬೋರ್ಡಿಗೆ ಹಚ್ಚಿ, ಪಕ್ಕದಾಗ ಮಕ್ಕಳನ್ನ ಮಲಗಸ್ತೇವಿ. ಮ್ಯಾಲ ನಂದಾದೀಪ ಬ್ಯಾರೆ. ಹೊರಕಟ್ಟಿ ಮ್ಯಾಲ, ನೆರಳಿನಾಗ, ಮಳಿ ಬಡಿಯದ ಕಡೆ ಒಂದು ಪ್ಲಗ್ ಹಾಕಸಾಕ ಹಟ ಹಿಡೀರಿ. ಹೊಸಾ ಬ್ಯಾಟರಿಗೆ ಕೊಡೂ ರೊಕ್ಕದ ಮುಂದ ಅದು ದೊಡ್ಡ ಖರ್ಚಲ್ಲ.

ದಿನ ಯಾವುದು? ಅಮಾಸಿ. ಅವತ್ತು ಗಳೆ ಹೂಡೂದಿಲ್ಲ, ಟ್ರ್ಯಾಕ್ಟರ್ ತೊಳದು ಪೂಜಿ ಮಾಡತೇವಿ, ಗಂಡಸರೂ ಕೈಗೆ ಸಿಗತಾರ. ಬ್ಯಾಟರಿ ಮ್ಯಾಲ ಬಣ್ಣದಲೆ ನಂಬರ್ ಬರೀರಿ, ಗ್ವಾಡಿ ಕ್ಯಾಲೆಂಡರಿನಾಗ ಯಾವ ನಂಬರಿಗೆ ಚಾರ್ಜ್ ಆತು ಅಂತ ಗುರುತು ಹಾಕ್ರಿ. ಒಂದು ಸಣ್ಣ ಮೀಟರ್ ಇಟ್ಟಕೊಂಡರ ಇನ್ನೂ ಚಲೋ. ಚಾರ್ಜ್ ತಗದು ನಾಕಾರು ತಾಸು ಬಿಟ್ಟು ನೋಡಿದರ 12 ವೋಲ್ಟಿನ ಬ್ಯಾಟರಿ 12.6 ತೋರಸಬೇಕು. 12.4ಕ್ಕ ಇಳದಿದ್ದರ ಚಾರ್ಜಿಗೆ ಹಚ್ಚರಿ. 12ಕ್ಕ ಬಂದರ ಅದು ಹಸದು ಕುಂತೈತಿ ಅಂತ ತಿಳೀರಿ.

ಒಂದಾದ ಮ್ಯಾಲ ಒಂದು ಹಚ್ಚಬೇಕು. ಟ್ರ್ಯಾಕ್ಟರಿನ ಚಾರ್ಜರ್ ಪಂಪಿನ ಸಣ್ಣ ಬ್ಯಾಟರಿಗೆ ಬ್ಯಾಡ. 80 ಆಂಪಿಯರ್-ಅವರಿನ ಬ್ಯಾಟರಿಗೆ 8 ಆಂಪಿಯರ್ ಸಾಕು, ಅಂದ್ರ ಹತ್ತನೇ ಒಂದು ಪಾಲು. ವೈರ್ ಪೂರ್ತಿ ಹಚ್ಚಿದ ಮ್ಯಾಲ ಸ್ವಿಚ್ ಹಾಕೂದು, ಸ್ವಿಚ್ ಬಂದ್ ಮಾಡಿದ ಮ್ಯಾಲ ವೈರ್ ತಗಿಯೂದು. ಟ್ರ್ಯಾಕ್ಟರಿಂದ ಬ್ಯಾಟರಿ ಬಿಚ್ಚುವಾಗ ಮೊದಲ ಮೈನಸ್, ಹಚ್ಚುವಾಗ ಮೊದಲ ಪ್ಲಸ್. ಉಬ್ಬಿದ್ದು, ಸೀಳಿದ್ದು ಚಾರ್ಜಿಗೆ ಹಚ್ಚಲೇಬ್ಯಾಡ್ರಿ. ಕೊಳತ ತತ್ತಿ ವಾಸನಿ ಬಂದರ ಮೇನ್ ಬಂದ್ ಮಾಡಿ ದೂರ ಸರೀರಿ. ಹೊಸಾ ಪಂಪಿನ ಲಿಥಿಯಂ ಬ್ಯಾಟರಿ ಆದರ ಅದರ ಸ್ವಂತ ಚಾರ್ಜರ್ ಬಿಟ್ಟು ಬ್ಯಾರೆ ಹಚ್ಚೂದಿಲ್ಲ. ಅದನ್ನ ತುಂಬಾ ತುಂಬಿಸಿ ಇಡೂದೂ ಬ್ಯಾಡ, ಅರ್ಧಕ್ಕಿಂತ ಸ್ವಲ್ಪ ಮ್ಯಾಲ ಇದ್ದರ ಸಾಕು.

ನೀರಿನ ಮಾತು ನಮ್ಮ ಸೀಮಿಯವರಿಗೆ ಬಿಡಸಿ ಹೇಳಬೇಕು. ನಮ್ಮ ಎರಿ ನೆಲದಾಗ ಬೋರಿನ ನೀರು ಬಾಳ ಕಡೆ ಸವಳ. ಫಿಲ್ಟರಿನ ಕ್ಯಾನ್ ನೀರು ಕುಡ್ಯಾಕ ಚಲೋ, ಬ್ಯಾಟರಿಗೆ ಅಲ್ಲ. ಅದರಾಗೂ ಉಪ್ಪು ಉಳದಿರತೈತಿ. ಅಂಗಡ್ಯಾಗ ಸಿಗೂ ಡಿಸ್ಟಿಲ್ಡ್ ವಾಟರ್ ಒಂದ ಹಾಕ್ರಿ. ತಗಡು ಮುಳಗಿರಬೇಕು. ಬಾಯಿ ತನಕ ತುಂಬಿಸಿದರ ಚಾರ್ಜಿನಾಗ ಉಕ್ಕತೈತಿ. ಆ್ಯಸಿಡ್ ಮನ್ಯಾಗ ಹಾಕೂದ ಬ್ಯಾಡ. ಮುಚ್ಚಳ ಇಲ್ಲದ, ಸೀಲ್ ಇದ್ದ ಬ್ಯಾಟರಿನ ಬಿಚ್ಚಾಕ ಹೋಗಬ್ಯಾಡ್ರಿ.

ಟ್ರ್ಯಾಕ್ಟರ್ ಐದು ನಿಮಿಷ ಚಾಲೂ ಮಾಡಿದರ ಚಾರ್ಜ್ ಆತು ಅಂತ ಕೆಲವರ ವಾದ. ಚಾಲೂ ಮಾಡಾಕ ಹೋದ ಕರೆಂಟ್ ಐದು ನಿಮಿಷದಾಗ ಪೂರ್ತಿ ತಿರುಗಿ ಬರೂದು ಕಷ್ಟ, ಪೊರಿ ಕರಗೂದಂತೂ ದೂರ. ಚಾರ್ಜಿಗೆ ಹಚ್ಚಿ ತಿಂಗಳಗಟ್ಟಲೆ ಬಿಟ್ಟರಾತು ಅಂತ ಮತ್ತ ಕೆಲವರು. ಇನ್ವರ್ಟರ್ ತಾನ ನೋಡಿಕೊಳ್ಳತೈತಿ, ಖರೆ. ತಾನಾಗಿ ನಿಲ್ಲದ ಸಾದಾ ಚಾರ್ಜರ್ ಹಂಗ ಬಿಟ್ಟರ ನೀರು ಕುದ್ದು ಬತ್ತತೈತಿ.

"ಹೆಂಗಸರಿಗೆ ಯಾಕ ಬೇಕು ಇದು" ಅನ್ನವರಿಗೆ ನನ್ನ ಉತ್ತರ ಒಂದ. ಗಂಡಸರು ಹೊಲಕ್ಕ, ಹುಬ್ಬಳ್ಳಿಗೆ ಹೋದಾಗ ಆ ಬ್ಯಾಟರಿ ಜೋಡಿ ಮನ್ಯಾಗ ಇರೂದು ನಾವು, ಮುದುಕರು, ಮಕ್ಕಳು. ಹೆಚ್ಚುಕಮ್ಮಿ ಆದರ ಮೊದಲ ಓಡಬೇಕಾದವರು ನಾವು. ಮುಟ್ಟುವಾಗ ಮಾತ್ರ ಪಾಟ್ಲಿ, ಉಂಗುರ ತಗದು ಇಡ್ರಿ, ತಾಳಿ ಸರ ಒಳಗ ಸೇರಸ್ರಿ. ಬಂಗಾರ ಆಗಲಿ ಕಬ್ಬಿಣದ ಪಾನಾ ಆಗಲಿ, ಪ್ಲಸ್ಸಿಗೂ ಮೈನಸ್ಸಿಗೂ ಒಮ್ಮೆಲೆ ತಾಗಿದರ ಕೆಂಪಗ ಕಾದು ಕೈ ಸುಡತೈತಿ. ಹಳೇ ಸೀರಿ ಉಟಗೋರಿ, ಆ್ಯಸಿಡ್ ಹನಿ ಬಿದ್ದಲ್ಲಿ ತೂತು ಗ್ಯಾರಂಟಿ. ಕಣ್ಣಿಗೆ ಸಿಡದರ ಕನಿಷ್ಠ 15 ನಿಮಿಷ ನೀರು ಬಿಟ್ಟು ತೊಳದು ದವಾಖಾನಿಗೆ ಹೋಗಬೇಕು.

ಕಡೀ ಮಾತು ಸತ್ತ ಬ್ಯಾಟರಿದು. ಮೋಡಕಾದವನು ನಾಕು ರೂಪಾಯಿ ಹೆಚ್ಚು ಕೊಡತಾನಂತ ಅವನಿಗೆ ಹಾಕಬ್ಯಾಡ್ರಿ. ಬಯಲಾಗ ಒಡದು ಆ್ಯಸಿಡ್ ಚೆಲ್ಲಿ ಸೀಸ ಕರಗಿಸಿದರ ಆ ವಿಷ ಮಣ್ಣಿಗೆ, ಅಲ್ಲಿಂದ ಮಕ್ಕಳ ಮೈಗೆ. ಸೀಸ ಮಕ್ಕಳ ಬುದ್ಧಿಗೇ ಪೆಟ್ಟು. 2022ರಾಗ ಸರಕಾರ ಬ್ಯಾಟರಿ ಕಸದ ನಿಯಮ ತಂದೈತಿ. ಹಳೇ ಬ್ಯಾಟರಿ ವಾಪಸ್ ತಗೊಂಡು ಸರಿಯಾಗಿ ಕರಗಸೂ ಹೊಣಿ ತಯಾರು ಮಾಡೂ ಕಂಪನಿಗಳದು. ಹೊಸಾದು ತರುವಾಗ ಹಳೇದನ್ನ ಅದ ಅಂಗಡಿಗೆ ಕೊಟ್ಟು, ಬಿಲ್ಲಿನಾಗ ಅದರ ರೊಕ್ಕ ಕಡಿಮಿ ಮಾಡಸ್ರಿ.

ಈ ಅಮಾಸಿಗೆ ಹೋಳಗಿ ಮಾಡೂದಕ್ಕ ಮೊದಲ ಮನ್ಯಾಗಿನ ಬ್ಯಾಟರಿ ಎಷ್ಟು, ಎಲ್ಲೆಲ್ಲಿ ಅದಾವ ಅಂತ ಒಮ್ಮೆ ಎಣಸ್ರಿ. ಮಲಗೂ ಕೋಣ್ಯಾಗ ಒಂದು ಸಿಕ್ಕರೂ ಅವತ್ತ ಅದನ್ನ ಹೊರಕಟ್ಟಿಗೆ ಇಡಸ್ರಿ.