ಹಿಡಿದ ಬಿಂದು ಯಾವುದು?

ಕಾಗಿನೆಲೆಯಲ್ಲಿ ನನ್ನ ಬೋಧನಾಭ್ಯಾಸ, 9ನೇ ತರಗತಿ. ಲಿಬ್ರೆಕ್ಯಾಡ್‌ನಲ್ಲಿ ಕಿಟಕಿಯ ಗ್ರಿಲ್ ಬಿಡಿಸುವ ಪಾಠ. ಒಂದು ವಜ್ರಾಕೃತಿ ಬಿಡಿಸಿ, ಕಂಟ್ರೋಲ್ ಸಿ, ಕಂಟ್ರೋಲ್ ವಿ ಒತ್ತಿ 12 ಮಾಡಿರಿ ಎಂದೆ. ಅವಧಿ ಮುಗಿಯುವ ಮುಂಚೆಯೇ ಎಲ್ಲ ಪರದೆಗಳಲ್ಲೂ ಗ್ರಿಲ್! ವೀಕ್ಷಣೆಗೆ ಕುಳಿತ ಸಹಪಾಠಿಗಳು ಮೆಚ್ಚಿ ಬರೆದರು. ಆಗ ವೆಲ್ಡಿಂಗ್ ಕೆಲಸದವರ ಮಗಳೊಬ್ಬಳು ಚಿತ್ರ ಹಿಗ್ಗಿಸಿ, "ಸರ್, ಸರಳು ಕೂಡೇ ಇಲ್ಲಲ್ರಿ" ಅಂದಳು. ಮೂಲೆಗಳ ನಡುವೆ ಕೂದಲೆಳೆಯಷ್ಟು ಸಂದು.

ತಪ್ಪು ಮಕ್ಕಳದಲ್ಲ. ಪತ್ರ ಬರೆಯುವ ತಂತ್ರಾಂಶದಲ್ಲಿ ನಕಲು ಕರ್ಸರ್ ಇದ್ದಲ್ಲಿ ಬೀಳುತ್ತದೆ. ಲಿಬ್ರೆಕ್ಯಾಡ್ ಹಾಗಲ್ಲ, ನಕಲಿಸುವಾಗ ಯಾವ ಬಿಂದು ಹಿಡಿಯಲಿ ಎಂದೂ, ಅಂಟಿಸುವಾಗ ಅದನ್ನು ಎಲ್ಲಿ ಕೂರಿಸಲಿ ಎಂದೂ ಕೇಳುತ್ತದೆ. "ಎಲ್ಲಾದರೂ ಕ್ಲಿಕ್ ಮಾಡಿ" ಎಂದವನು ನಾನೇ. ಆಟೋಕ್ಯಾಡ್‌ನಲ್ಲಂತೂ ಬರೀ ಕಂಟ್ರೋಲ್ ಸಿ ಒತ್ತಿದರೆ ಆಯ್ದ ಭಾಗದ ಎಡ ಕೆಳಮೂಲೆಯೇ ಆಧಾರ. ಬೇಕಾದ ಬಿಂದು ಹಿಡಿಯಲು ಶಿಫ್ಟ್ ಕೂಡ ಒತ್ತಬೇಕು.

ಆದ್ದರಿಂದ ಕೀಲಿಗಳನ್ನು ಮೊದಲು ಹೇಳಿಕೊಡಬಾರದು ಎಂಬುದು ನನ್ನ ವಾದ. ಚೌಕುಳಿ ಹಾಳೆಯ ಮೇಲೆ ರಟ್ಟಿನ ವಜ್ರಾಕೃತಿಯನ್ನು ಮೂಲೆ ಹಿಡಿದು ಸರಿಸಲಿ. ಪ್ರತಿ ಬಿಂದುವೂ ಒಂದೇ ದಿಕ್ಕಿಗೆ, ಒಂದೇ ದೂರ ಹೋಗುವುದನ್ನು ಮನೆ ಎಣಿಸಿ ನೋಡಲಿ. ಆಮೇಲೆ ಪರದೆಯಲ್ಲಿ ತುದಿಬಿಂದುವಿನ ಸ್ನ್ಯಾಪ್ ಹಾಕಿ ಅಂಟಿಸಲಿ. ಒಂದು ಅವಧಿ ಹೆಚ್ಚು ಬೇಕು, ಒಪ್ಪುತ್ತೇನೆ. ನಮ್ಮ ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. (ಅದೂ ಹಿಂದಿನ ಬ್ಯಾಚಿನಿಂದ ನಕಲಿಸಿದ್ದೇ!)

ಮರುದಿನ ಹೀಗೆ ಮಾಡಿಸಿದಾಗ ಆ ಹುಡುಗಿ 12ರಲ್ಲಿ 7 ಮಾತ್ರ ಮುಗಿಸಿದಳು. ಏಳೂ ಕೂಡಿದ್ದವು. ಮೌಲ್ಯಮಾಪನ ಪಟ್ಟಿಯಲ್ಲಿ 'ಅಪೂರ್ಣ' ಎಂದು ಬರೆಯಲು ನನಗೆ ಕೈ ಬರಲಿಲ್ಲ.