ಉಜಿಯ ನೆರಳು, ನಮ್ಮ ನೆರಳು

ಜಪಾನಿನ ಕ್ಯೋಟೋ ನಗರಕ್ಕೆ ಹೋಗಿಬಂದವರು ತೋರಿಸುವ ಚಿತ್ರಗಳೆಲ್ಲ ಒಂದೇ ಬಗೆಯವು: ಚಿನ್ನದ ಹಾಳೆ ಹೊದಿಸಿದ ಕಿಂಕಾಕುಜಿ, ಫುಷಿಮಿ ಇನಾರಿಯ ಕೆಂಪು ಕಮಾನುಗಳ ಸಾಲು. 794ರಿಂದ ಸಾವಿರ ವರ್ಷಕ್ಕೂ ಮಿಕ್ಕಿ ರಾಜಧಾನಿಯಾಗಿದ್ದ ಊರು, ನೋಡಬಾರದೆಂದು ನಾನು ಹೇಳುವುದಿಲ್ಲ. (ಕಿಂಕಾಕುಜಿ ಮಾತ್ರ 1950ರಲ್ಲಿ ಸುಟ್ಟು, 1955ರಲ್ಲಿ ಮತ್ತೆ ಎದ್ದದ್ದು.) ಆದರೆ ಬೆಳೆಗಾರನಾದವನು ಅಲ್ಲಿಂದ ರೈಲು ಹತ್ತಿ, ದಕ್ಷಿಣಕ್ಕೆ ಅರ್ಧ ಗಂಟೆ ದೂರದ ಉಜಿಗೆ ಹೋಗಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹತ್ತು ಯೆನ್ ನಾಣ್ಯದ ಮೇಲಿರುವ ಬ್ಯೋದೋಯಿನ್ ದೇಗುಲದ 1053ರ ಮಂಟಪ ಅಲ್ಲಿದೆ. ನಮಗೆ ಅದಕ್ಕಿಂತ ಮುಖ್ಯವಾದದ್ದು ಚಹಾ. ವಸಂತದ ಚಿಗುರು ಒಡೆದೊಡನೆ ಗಿಡಗಳ ಮೇಲೆ ಚಪ್ಪರ ಹಾಕಿ, ಜೊಂಡಿನ ತಟ್ಟಿ, ಹುಲ್ಲು ಹರಡಿ ಸುಮಾರು ಮೂರು ವಾರ ಬಿಸಿಲು ತಡೆಯುವುದು ಅಲ್ಲಿನ ಹಳೆಯ ಪದ್ಧತಿ. ಈಗ ಹೆಚ್ಚಾಗಿ ಕಪ್ಪು ಬಲೆಬಟ್ಟೆ. ನೆರಳಿನಿಂದ ಎಲೆಯ ಒಗರು ತಗ್ಗಿ ಸವಿ ಉಳಿಯುತ್ತದೆ. ವರ್ಷವರ್ಷವೂ ಮರಗಸಿ ಮಾಡಿಸುವ ನಮಗೆ ನೆರಳಿನ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಕಲಿಯಬೇಕಾದದ್ದು ಮುಂದಿನ ಹೆಜ್ಜೆ: ಎಲೆ ಬೀಸುಕಲ್ಲಿನಲ್ಲಿ ಪುಡಿಯಾಗಿ, ದೇಗುಲದ ದಾರಿಯ ಅಂಗಡಿಗಳಲ್ಲೇ, ಊರಿನ ಹೆಸರಿನಲ್ಲೇ ಮಾರಾಟವಾಗುತ್ತದೆ.

ಪ್ರವಾಸಿಗಳ ಕಾಟವೂ ಅಲ್ಲಿ ಕಡಿಮೆಯೇನಲ್ಲ. ಕ್ಯೋಟೋದ ಗಿಯೋನ್ ಬಡಾವಣೆಯವರು 2024ರಲ್ಲಿ ತಮ್ಮ ಖಾಸಗಿ ಓಣಿಗಳಿಗೆ ಹೊರಗಿನವರು ಬರಬಾರದೆಂದು ಫಲಕ ಹಾಕಬೇಕಾಯಿತು.

ನಮ್ಮಲ್ಲಿ ಹೋಂಸ್ಟೇಗೆ ಬಂದವರು ತೋಟವೆಲ್ಲ ಸುತ್ತಿ, ಪೇಟೆಯ ಡಬ್ಬಿಯ ಕಾಫಿ ಕುಡಿದು ಹೋಗುವುದುಂಟು. ಸದಸ್ಯರ ಹೋಂಸ್ಟೇಗಳಿಗೆಲ್ಲ ಸಂಘದ ಹೆಸರಿನಲ್ಲೇ ಹುರಿದು ಬೀಸಿದ ಪುಡಿ ಒದಗಿಸುವ ವಿಷಯವನ್ನು ಮುಂದಿನ ಮಹಾಸಭೆಯ ಮುಂದಿಡುತ್ತೇನೆ. ಮಾನ್ಯ ಸದಸ್ಯರು ಯೋಚಿಸಿಕೊಂಡು ಬರಬೇಕು.