ಎತ್ತರದ ನಾಯಿಗೊಂದು ಮನೆ



ಈ ಸಲ ನಾಯಿಯೊಂದರ ವಿಷಯ. ಕುಟುಂಬಗಳು ಓದುವ ಪತ್ರಿಕೆಯಲ್ಲಿ ನಾಯಿಯ ಸುದ್ದಿಗೇಕೆ ಇಷ್ಟು ಜಾಗ ಎಂದು ಕೇಳುವವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ವಿನಂತಿ. ನಮ್ಮಿಂದಾದ ಒಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳುವುದಿದೆ.

2022ರ ಮಳೆಗಾಲದ ಒಂದು ಸಂಜೆ, ಧಾರವಾಡದ ಹೊರವಲಯದ ಚಹಾದಂಗಡಿಯೊಂದರ ತಗಡಿನ ಕೆಳಗೆ ಮುಧೋಳ ನಾಯಿಯೊಂದು ನಡುಗುತ್ತ ನಿಂತಿತ್ತು. ಕೊರಳಲ್ಲಿ ಪಟ್ಟಿ ಇದ್ದಿತು, ಸಾಕಿದವರಿರಲಿಲ್ಲ. ನಾಲ್ಕು ದಿನಗಳ ಹಿಂದೆ ಯಾರೋ ಕಾರಿನಿಂದ ಇಳಿಸಿ ಹೋದರೆಂದು ಅಂಗಡಿಯವರು ಹೇಳಿದರು. ಅಲ್ಲಿ ನಿಂತ ಪ್ರತಿಯೊಂದು ಕಾರಿನ ಬಾಗಿಲಿಗೂ ಹೋಗಿ ಮೂಸಿ, ತಲೆ ತಗ್ಗಿಸಿ ಮರಳುತ್ತಿತ್ತಂತೆ. ಅದನ್ನು ಕೇಳಿದ ಮೇಲೆ ಬಿಟ್ಟುಬರಲು ಮನಸ್ಸಾಗಲಿಲ್ಲ. ಅದರ ಉದ್ದನೆಯ ಕಾಲುಗಳನ್ನು ನೋಡಿ ಮಕ್ಕಳು ‘ಚಿಗರಿ’ ಎಂದು ಹೆಸರಿಟ್ಟರು. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸುಗಳಿಗೂ ಅದೇ ಹೆಸರು. ಓಟದಲ್ಲಿ ನಮ್ಮ ಚಿಗರಿಯೇ ಮೇಲೆಂದು ಮಕ್ಕಳ ವಾದ.

ಮುಧೋಳ ನಾಯಿಯ ಕೀರ್ತಿ ಹೊಸದಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಘೋರ್ಪಡೆ ಅರಸರ ಆಶ್ರಯದಲ್ಲಿ ಬೆಳೆದ ತಳಿಯಿದು. 2005ರಲ್ಲಿ ಅಂಚೆ ಇಲಾಖೆಯು ಇದರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಇದರ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್ ತಿಂಗಳ ಆಕಾಶವಾಣಿ ಭಾಷಣದಲ್ಲಿ ಪ್ರಧಾನಮಂತ್ರಿಗಳು ಈ ತಳಿಯನ್ನು ಹೆಸರಿಸಿದರು. ಹೊಗಳಿಕೆ ಕೇಳಿ ಮರಿ ಕೊಂಡವರಲ್ಲಿ ಕೆಲವರಿಗೆ, ಇದು ಭುಜದವರೆಗೆ ಎರಡು ಅಡಿಗೂ ಮೀರಿ ಬೆಳೆಯುವ, ದಿನವೂ ಓಡಲೇಬೇಕಾದ ಬೇಟೆನಾಯಿ ಎಂಬುದು ಆಮೇಲೆ ತಿಳಿಯುತ್ತದೆ. ಮೂರನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಅದು ಏನು ಮಾಡೀತು?

ಪಶುವೈದ್ಯರು ಉಣ್ಣಿಗಳನ್ನು ತೆಗೆಸಿ ಔಷಧ ಕೊಟ್ಟರು. ರೇಬೀಸ್ ಲಸಿಕೆಯನ್ನೂ ಇತರ ರೋಗಗಳ ಲಸಿಕೆಯನ್ನೂ ಹಾಕಿದರು. ಮೈ ತುಂಬಿಕೊಂಡ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಯಿತು. ಊಟದ ಪ್ರಶ್ನೆ ಮಾತ್ರ ನಮ್ಮಂಥ ಶಾಕಾಹಾರಿ ಮನೆಗಳಲ್ಲಿ ದೊಡ್ಡದು. ಮಾಂಸವಿಲ್ಲದೆಯೂ ನಾಯಿಯನ್ನು ಆರೋಗ್ಯವಾಗಿಡಬಹುದು, ಆದರೆ ಉಳಿದ ರೊಟ್ಟಿ–ಹಾಲು ಹಾಕಿ ಕೈ ತೊಳೆದುಕೊಂಡರೆ ಸಾಲದು ಎಂದರು ವೈದ್ಯರು. ಆದ್ದರಿಂದ ಜೋಳದ ನುಚ್ಚಿನೊಡನೆ ಚೆನ್ನಾಗಿ ಬೆಂದ ಬೇಳೆ, ಮೊಸರು, ಜೊತೆಗೆ ಅವರು ಬರೆದುಕೊಟ್ಟ ಪೂರಕ ಪುಡಿ. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷವೆಂಬುದು ನಮಗೆ ಗೊತ್ತೇ ಇರಲಿಲ್ಲ. ಹಬ್ಬದ ದಿನ ಪಾಯಸವನ್ನು ಪ್ರೀತಿಯಿಂದ ಹಾಕುವವರು ಇದನ್ನು ಗಮನಿಸಬೇಕು.

ನಾವೇ ಸಾಕಿಕೊಳ್ಳಬಹುದಿತ್ತಲ್ಲವೇ ಎಂದು ಕೆಲವರು ಕೇಳಿದ್ದುಂಟು. ನಮ್ಮದು ಓಣಿಯೊಳಗಿನ ಸಣ್ಣ ಮನೆ. ತಾಯಿಯವರಿಗೆ ಎಂಬತ್ತೆರಡು ವರ್ಷ. ಒಂದು ದಿನ ಚಿಗರಿ ಸಂತೋಷದ ಭರದಲ್ಲಿ ಅವರ ಮೇಲೆ ಜಿಗಿದು ಕೆಡವಿತು. ಮುಂಗೈ ಮೂಳೆಯಲ್ಲಿ ಬಿರುಕು ಬಿಟ್ಟಿತು. “ಅದರದೇನು ತಪ್ಪಿಲ್ಲ, ಬೈಬ್ಯಾಡ್ರಿ” ಎಂದು ಅವರೇ ಹೇಳಿದರೂ, ಇನ್ನೊಂದು ಮನೆ ಹುಡುಕುವುದು ಅನಿವಾರ್ಯವಾಯಿತು.

ಇಲ್ಲಿಯೇ ನಾವು ಎಡವಿದ್ದು. ಪರಿಚಯದ ವ್ಯಾಪಾರಸ್ಥರೊಬ್ಬರು ಕೇಳಿದ ಕೂಡಲೇ ಕೊಟ್ಟುಬಿಟ್ಟೆವು. ವಿಶಾಲವಾದ ಕಂಪೌಂಡು, ಎತ್ತರದ ಗೋಡೆ, ಕೈಯಲ್ಲಿ ಹಣ. ಇನ್ನೇನು ಬೇಕು ಎಂದುಕೊಂಡೆವು. ಮೂರು ವಾರಗಳ ಮೇಲೆ ಹೋಗಿ ನೋಡಿದರೆ, ಉಗ್ರಾಣದ ಹಿಂದೆ ಎರಡು ಮೊಳದ ಸರಪಳಿಯಲ್ಲಿ ಚಿಗರಿ ನಿಂತಿತ್ತು. ಕೊರಳಿನ ಸುತ್ತ ಕೂದಲು ಉದುರಿ ಗಾಯವಾಗಿತ್ತು. ಅದು ಬೊಗಳಲಿಲ್ಲ, ಬಾಲವನ್ನೂ ಆಡಿಸಲಿಲ್ಲ. ಆ ಮನೆಯವರು ಕ್ರೂರಿಗಳಲ್ಲ. ಹೊತ್ತಿಗೆ ಸರಿಯಾಗಿ ಅನ್ನ ಹಾಕುತ್ತಿದ್ದರು. ಅವರಿಗೆ ಬೇಕಾಗಿದ್ದುದು ರಾತ್ರಿ ಸದ್ದು ಮಾಡುವ ಒಂದು ಗಂಟೆ, ಅಷ್ಟೇ. ಸದಾ ಕಟ್ಟಿಹಾಕಿದ ನಾಯಿಯನ್ನು ತಕ್ಕಷ್ಟು ಅಡ್ಡಾಡಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಹಸಿವು ನೀರಡಿಕೆಗಳಿಂದ ನರಳುವಂತೆ ಬಿಟ್ಟುಹೋಗುವುದೂ ಅಪರಾಧ. ಆದರೆ ಕಾಯಿದೆಯನ್ನು ಅವರಿಗೆ ಓದಿ ಹೇಳುವ ಮುಖ ನಮಗಿರಲಿಲ್ಲ. ನಾಯಿ ಎಲ್ಲಿ ಮಲಗುತ್ತದೆ, ಹಗಲು ಅದರ ಜೊತೆ ಯಾರಿರುತ್ತಾರೆ ಎಂಬ ಎರಡು ಮಾತನ್ನು ನಾವು ಕೇಳಿರಲೇ ಇಲ್ಲ. ಗೋಡೆಯ ಎತ್ತರ ನೋಡಿ ಕೊಟ್ಟಿದ್ದೆವು. ಅಂದೇ ಮರಳಿ ಕರೆತಂದೆವು.

ಎರಡನೆಯ ಸಲ ಅವಸರ ಮಾಡಲಿಲ್ಲ. ಕೇಳಿಕೊಂಡು ಬಂದವರಲ್ಲಿ ಮೂವರು, ಶಸ್ತ್ರಚಿಕಿತ್ಸೆಯಾಗಿದೆ ಎಂದೊಡನೆ ಚಹಾ ಮುಗಿಸಿ ಎದ್ದರು. ಅವರಿಗೆ ಬೇಕಾದದ್ದು ಮಾರಲು ಮರಿಗಳು. ಹೊಲದ ನಡುವೆ ಮನೆಯಿರುವ ಒಕ್ಕಲು ಕುಟುಂಬವೊಂದು ನಮಗೆ ಬಹಳ ಹಿಡಿಸಿತ್ತು. ಆದರೆ ಅವರಲ್ಲಿ ಆಡುಗಳಿದ್ದವು. ಚಿಗರಿಯನ್ನು ಹಗ್ಗದಲ್ಲಿ ಹಿಡಿದು ತೋರಿಸಿದಾಗ, ಓಡುವ ಆಡಿನ ಮರಿಯನ್ನು ಕಂಡದ್ದೇ ತಡ, ಹಿಡಿದವರ ಕೈ ಸುಲಿಯುವಂತೆ ಎಳೆಯಿತು. ಕಣ್ಣಿಗೆ ಬಿದ್ದುದನ್ನು ಅಟ್ಟುವುದು ಆ ತಳಿಯ ಹುಟ್ಟುಗುಣ. ಅದನ್ನು ಬೈದು ತಿದ್ದಲಾಗದು. ಒಳ್ಳೆಯ ಜನರಿಗೆ ‘ಇಲ್ಲ’ ಎನ್ನಬೇಕಾಯಿತು.

ಕೊನೆಗೆ ಬಂದವರು ನಿವೃತ್ತ ಮಾಸ್ತರರ ಕುಟುಂಬ. ಮೂರು ಎಕರೆ ಮಾವಿನ ತೋಪು, ಸುತ್ತಲೂ ತಂತಿಬೇಲಿ, ಮನೆಯಲ್ಲಿ ಸದಾ ಯಾರಾದರೊಬ್ಬರು. ಕೊಡುವ ಮೊದಲು ಮೂರು ಸಲ ನಮ್ಮಲ್ಲಿಗೆ ಬಂದು ಕುಳಿತರು. ಮಾಸ್ತರರ ಧರ್ಮಪತ್ನಿಯವರಿಗೆ ಒಂದೇ ಅನುಮಾನ. “ಪೂಜಾಕೋಣಿಗೆ ಬರತದೇನ್ರಿ?” ಹೊಸ್ತಿಲಲ್ಲಿ ಕೈ ಅಡ್ಡ ಹಿಡಿದು ‘ಬ್ಯಾಡ’ ಎಂದು ಹದಿನೈದು ದಿನ ಕಲಿಸಿದ್ದೆವು, ಅದನ್ನು ಮಾಡಿ ತೋರಿಸಿದೆವು. ನಮ್ಮ ತಾಯಿಯವರಿಗೆ ಪೆಟ್ಟಾದುದನ್ನೂ ಮುಚ್ಚಿಡದೆ ಹೇಳಿದೆವು. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಯಿ ಕೊಡ್ರಿ. ಸರಪಳಿ ಮಾತ್ರ ನಿಮ್ಮಲ್ಲೇ ಇರಲಿ” ಎಂದರು.

ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದುಕೊಂಡೆವು. ಯಾವ ಕಾರಣದಿಂದಲಾದರೂ ಸಾಕಲಾಗದಿದ್ದರೆ ಬೇರೆ ಯಾರಿಗೂ ಕೊಡದೆ, ರಸ್ತೆಗೆ ಬಿಡದೆ, ನಮಗೇ ಮರಳಿಸುವುದು ಎಂಬುದೇ ಅದರಲ್ಲಿ ಮುಖ್ಯ. ಲಸಿಕೆಯ ಪುಸ್ತಕ, ಊಟದ ಬಟ್ಟಲು, ಅದು ಮಲಗುತ್ತಿದ್ದ ತಾಯಿಯವರ ಹಳೆಯ ಕೌದಿ ಇವನ್ನು ಜೊತೆಗೆ ಕೊಟ್ಟೆವು. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಈ ನಾಯಿಗಳಿಗೆ ಚಳಿ ಬೇಗ ತಟ್ಟುತ್ತದೆ. ಪರಿಚಿತ ವಾಸನೆಯೂ ಧೈರ್ಯ ಕೊಡುತ್ತದೆ.

ಮೊದಲ ಎರಡು ದಿನ ಚಿಗರಿ ಅನ್ನ ಮುಟ್ಟಲಿಲ್ಲ. ರಾತ್ರಿ ಫೋನು ಬಂದಾಗಲೆಲ್ಲ ಕರೆತಂದುಬಿಡೋಣವೆಂದು ಮನೆಯವರೆಲ್ಲ ಅಂದರು. ಹೊಸ ಮನೆಗೆ ಹೊಂದಿಕೊಳ್ಳಲು ಕೆಲವು ವಾರಗಳಾದರೂ ಬೇಕೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ನಡುವೆ ನಾವು ಹೋಗಿ ಮುಖ ತೋರಿಸಿದರೆ ಮತ್ತೆ ಬಾಗಿಲು ಕಾಯುತ್ತ ಕೂರುತ್ತದೆಂದು ಹೋಗದೆ ಉಳಿದೆವು. ಅದು ಸುಲಭವಾಗಿರಲಿಲ್ಲ. ಮೂರನೆಯ ದಿನ ಮಾಸ್ತರರ ಮೊಮ್ಮಗಳು ಬಟ್ಟಲಿನ ಪಕ್ಕದಲ್ಲೇ ತನ್ನ ತಾಟು ಇಟ್ಟುಕೊಂಡು ಊಟಕ್ಕೆ ಕೂತಳಂತೆ, ಅದೂ ತಿಂದಿತು.

ನಾಲ್ಕು ತಿಂಗಳ ನಂತರ ತಾಯಿಯವರನ್ನು ಕರೆದುಕೊಂಡು ಹೋದೆವು. ಚಿಗರಿ ಓಡಿ ಬಂದು ಎಲ್ಲರನ್ನೂ ಮೂಸಿತು. ತಾಯಿಯವರ ಹತ್ತಿರ ಮಾತ್ರ ಜಿಗಿಯದೆ ನಿಂತು, ಅವರ ಕೈಗೆ ಮೂತಿ ತಾಗಿಸಿತು. ಆಮೇಲೆ ಹೋಗಿ ಮಾಸ್ತರರ ಕುರ್ಚಿಯ ಕೆಳಗೆ ಮಲಗಿತು. ಹಳೆಯ ಕೌದಿಯನ್ನು ಹರಿದು ಚಿಂದಿ ಮಾಡಿದೆಯೆಂದು ಆ ತಾಯಿ ನಗುತ್ತ ದೂರಿದರು. ಮುಂಗೈ ಗುಣವಾಗಿದ್ದ ನಮ್ಮ ತಾಯಿಯವರು ಆ ಚಳಿಗಾಲದೊಳಗೇ ಇನ್ನೊಂದನ್ನು ಹೊಲಿದು ಕಳಿಸಿದರು.